ಇಟಾಲಿಯನ್ ಒಪೆರಾ ಹೌಸ್: ಕಟ್ಟಡದ ಕಥೆ, ಸೌಂಡಿನ ಗುಟ್ಟು – ಪದೇ ಪದೇ ಕೇಳುವ ಪ್ರಶ್ನೆಗಳು

ಇಟಾಲಿಯನ್ ಸ್ಟೈಲ್ ಒಪೆರಾ ಹೌಸ್ ಅಂದ್ರೆ ಒಳಗೆ ಹೇಗಿರತ್ತೆ?

ಒಪೆರಾ ಅಂದ್ರೆ ಮಾತನ್ನೂ ಹಾಡಾಗಿಯೇ ಹಾಡಿ, ಆರ್ಕೆಸ್ಟ್ರಾ ಜೊತೆ ಆಡೋ ನಾಟಕ. ಅದರ ಥಿಯೇಟರ್ ಒಳಗೆ ಹೀಗಿರತ್ತೆ: ಎದುರಿಗೆ ದೊಡ್ಡ ಚೌಕಟ್ಟು ಹಾಕಿದ ಸ್ಟೇಜು, ಅದರ ಮುಂದೆ ತಗ್ಗಲ್ಲಿ ಆರ್ಕೆಸ್ಟ್ರಾ ಕೂರೋ ಪಿಟ್, ಆಮೇಲೆ ನೆಲದ ಮೇಲೆ ಸಾಲು ಸಾಲು ಕುರ್ಚಿ, ಇದನ್ನ ಪ್ಲಾತೇಯಾ ಅಂತಾರೆ. ಇದರ ಸುತ್ತ ಕುದುರೆ ಲಾಳದ ಆಕಾರದಲ್ಲಿ ನಾಲ್ಕೋ ಐದೋ ಆರೋ ಅಂತಸ್ತು ಮೇಲಕ್ಕೆ ಎದ್ದಿರತ್ತೆ, ಪ್ರತಿ ಅಂತಸ್ತಲ್ಲೂ ಪುಟ್ಟ ಪುಟ್ಟ ಕೋಣೆಗಳು, ಅವೇ ಬಾಕ್ಸ್‌ಗಳು, ಇಟಲಿಯವರ ಬಾಯಲ್ಲಿ ಪಾಲ್ಕೊ. ತುತ್ತತುದಿಯಲ್ಲಿ ಬಾಕ್ಸ್ ಇಲ್ಲದ ಓಪನ್ ಗ್ಯಾಲರಿ ಇರತ್ತೆ, ಅದು ಲೊಜೋನೆ. ಮಿಲಾನಿನ ಲಾ ಸ್ಕಾಲಾದಲ್ಲಿ ನಾಲ್ಕು ಸಾಲು ಬಾಕ್ಸು, ಅದರ ಮೇಲೆ ಎರಡು ಗ್ಯಾಲರಿ. ನೇಪಲ್ಸ್‌ನ ಸಾನ್ ಕಾರ್ಲೊ, ವೆನಿಸ್‌ನ ಲಾ ಫೆನಿಚೆ, ಹಾಗೇ ಇಟಲಿಯ ಸಣ್ಣ ಸಣ್ಣ ಊರುಗಳಲ್ಲಿರೋ ನೂರಾರು ಥಿಯೇಟರ್‌ಗಳು, ಎಲ್ಲಾ ಹೆಚ್ಚು ಕಡಿಮೆ ಇದೇ ಅಚ್ಚಲ್ಲಿ ಕಟ್ಟಿದ್ದು.

ಇದು ಶುರುವಾಗಿದ್ದು ಎಲ್ಲಿ, ಯಾವಾಗ?

ಒಪೆರಾ ಮೊದಲು ಹುಟ್ಟಿದ್ದು ಅರಮನೆಗಳಲ್ಲಿ. 1600ರ ಆಸುಪಾಸಿನಲ್ಲಿ ಫ್ಲಾರೆನ್ಸ್‌ನಲ್ಲಿ, 1607ರಲ್ಲಿ ಮಾಂಟುವಾದಲ್ಲಿ ಸಂಗೀತಗಾರ ಮೊಂಟೆವೆರ್ಡಿಯ ಓರ್ಫೆಯೊ ಒಪೆರಾ, ಇವೆಲ್ಲಾ ರಾಜಮನೆತನದವರಿಗೂ ಅವರ ಅತಿಥಿಗಳಿಗೂ ಮಾತ್ರ. ಟಿಕೆಟ್ ಅನ್ನೋ ಮಾತೇ ಇಲ್ಲ. ಪಾರ್ಮಾದ ಫಾರ್ನೇಸೆ ಅರಮನೆಯೊಳಗೆ ಆಲೆಯೊಟ್ಟಿ ಅನ್ನೋ ಆರ್ಕಿಟೆಕ್ಟ್ 1618ರಲ್ಲಿ ಕಟ್ಟಿಸಿದ ದೊಡ್ಡ ಮರದ ಥಿಯೇಟರ್ ಇದೆ, ಉದ್ಘಾಟನೆ ಆಗಿದ್ದು ಹತ್ತು ವರ್ಷ ಆದ್ಮೇಲೆ 1628ರಲ್ಲಿ. ಅಲ್ಲಿ ಬಾಕ್ಸ್ ಇಲ್ಲ, ಇಂಗ್ಲಿಷಿನ ಯು ಅಕ್ಷರದ ಹಾಗೆ ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಬೆಂಚುಗಳು. ಎರಡನೇ ಮಹಾಯುದ್ಧದಲ್ಲಿ, 1944ರಲ್ಲಿ ಬಾಂಬ್ ಬಿದ್ದು ಹಾಳಾಯ್ತು, ಈಗ ನೋಡೋಕೆ ಸಿಗೋದು ಯುದ್ಧ ಆದ್ಮೇಲೆ ಮತ್ತೆ ಕಟ್ಟಿದ್ದು.

ನಿಜವಾದ ತಿರುವು ಬಂದಿದ್ದು ವೆನಿಸ್‌ನಲ್ಲಿ, 1637ರ ಕಾರ್ನಿವಲ್ ಹೊತ್ತಲ್ಲಿ, ಅಂದ್ರೆ ಜನ ಮುಖವಾಡ ಹಾಕಿ ಮೆರೆಯೋ ಹಬ್ಬದ ಸಮಯದಲ್ಲಿ. ಟ್ರೋನ್ ಅನ್ನೋ ಶ್ರೀಮಂತ ಮನೆತನದವರು ತಮ್ಮ ಸಾನ್ ಕಾಸ್ಸಿಯಾನೊ ಥಿಯೇಟರನ್ನ ದುಡ್ಡು ಕೊಟ್ಟು ಬರೋ ಜನಕ್ಕೆ ತೆರೆದ್ರು, ಮೊದಲ ಆಟ ಮನೆಲ್ಲಿ ಮತ್ತು ಫೆರ್ರಾರಿಯ ಆಂಡ್ರೊಮೆಡಾ. ಮುಖವಾಡ ಹಾಕಿಕೊಂಡ ಯಾರು ಬೇಕಾದ್ರೂ ಕಾಸು ಕೊಟ್ಟು ಒಳಗೆ ಹೋಗಬಹುದಿತ್ತು. ವೆನಿಸ್‌ನಲ್ಲಿ ರಾಜ ಇರಲಿಲ್ಲ, ವ್ಯಾಪಾರಿ ಮನೆತನಗಳಿದ್ವು, ಕಾರ್ನಿವಲ್‌ಗೆ ಯುರೋಪಿನ ಎಲ್ಲಾ ಕಡೆಯಿಂದ ಜನ ಬರ್ತಿದ್ರು, ಹಾಗಾಗಿ ಒಪೆರಾ ಅಲ್ಲಿ ಬಿಸಿನೆಸ್ ಆಯ್ತು. ಒಂದು ಮನೆತನ ಶುರು ಮಾಡಿದ್ದೇ ತಡ ಉಳಿದವರೂ ಪೈಪೋಟಿಗೆ ಬಿದ್ದು ಅದೇ ಊರಲ್ಲಿ ಒಂದಾದ ಮೇಲೊಂದು ಥಿಯೇಟರ್ ಎಬ್ಬಿಸಿದ್ರು. ನಾವು ಇವತ್ತು ಒಪೆರಾ ಹೌಸ್ ಅಂತ ಕರೆಯೋ ಕಟ್ಟಡದ ರೂಪ ಈ ಪೈಪೋಟಿಯಲ್ಲೇ ಗಟ್ಟಿಯಾಗಿದ್ದು.

ಇಷ್ಟೊಂದು ಬಾಕ್ಸ್ ಯಾಕೆ? ಬಾಲ್ಕನಿ ಹಾಕಿದ್ರೆ ಇನ್ನೂ ಜಾಸ್ತಿ ಜನ ಹಿಡೀತಿರಲಿಲ್ವಾ?

ಹಿಡೀತಿತ್ತು. ಆದ್ರೆ ಕಟ್ಟೋಕೆ ದುಡ್ಡು ಬರ್ತಿದ್ದಿದ್ದೇ ಬಾಕ್ಸ್‌ಗಳಿಂದ. ಊರಿನ ಶ್ರೀಮಂತರು ಥಿಯೇಟರ್ ಏಳೋಕೆ ಮುಂಚೆನೇ ಬಾಕ್ಸ್ ಕೊಂಡುಕೊಳ್ತಿದ್ರು ಅಥವಾ ವರ್ಷಗಟ್ಟಲೆ ಬಾಡಿಗೆಗೆ ಹಿಡೀತಿದ್ರು, ಅದೇ ಬಂಡವಾಳ. ಮಿಲಾನಿನ ಹಳೇ ಡ್ಯೂಕಲ್ ಥಿಯೇಟರ್ 1776ರ ಫೆಬ್ರವರಿಯಲ್ಲಿ ಸುಟ್ಟು ಹೋದಾಗ ಹೊಸದು ಕಟ್ಟಿಸಿ ಅಂತ ಆಗ ಮಿಲಾನನ್ನ ಆಳ್ತಿದ್ದ ಆಸ್ಟ್ರಿಯಾದ ಮಹಾರಾಣಿ ಮರಿಯಾ ತೆರೇಸಾಳ ಆಡಳಿತದ ಮುಂದೆ ಹೋಗಿ ನಿಂತವರು ಬಾಕ್ಸ್ ಮಾಲೀಕರೇ, ಖರ್ಚಿನ ಭಾರ ಹೊತ್ತವರೂ ಅವರೇ. ಪಿಯೆರ್ಮರೀನಿ ಡಿಸೈನ್ ಮಾಡಿದ ಲಾ ಸ್ಕಾಲಾ 1778ರ ಆಗಸ್ಟ್ 3ಕ್ಕೆ ಸಾಲಿಯೆರಿಯ ಒಪೆರಾದಿಂದ ಶುರುವಾಯ್ತು.

ಬಾಕ್ಸ್ ಅಂದ್ರೆ ಆ ಮನೆತನದ ಆಸ್ತಿ, ಮನೆಯ ಹಾಲ್‌ನ ಇನ್ನೊಂದು ತುಂಡು ಅಂದ್ಕೊಳ್ಳಿ. ಅವರವರ ಇಷ್ಟದ ರೇಷ್ಮೆ ಬಟ್ಟೆ, ಕನ್ನಡಿ, ಬೇಕಾದಾಗ ಎಳೆದುಕೊಳ್ಳೋಕೆ ಪರದೆ. ಬಂದವರಿಗೆ ಅಲ್ಲೇ ಊಟ, ಇಸ್ಪೀಟು, ಮದುವೆ ಮಾತುಕತೆ, ರಾಜಕೀಯ, ಎಲ್ಲಾ ಅಲ್ಲೇ. ಇಡೀ ಸೀಸನ್ ದಿನಾ ಸಂಜೆ ಬರೋದು, ಒಂದೇ ಒಪೆರಾ ಹತ್ತಾರು ಸಲ ನಡೀತಿರೋದು, ಹಾಗಾಗಿ ತಮಗೆ ಇಷ್ಟದ ಹಾಡು ಬಂದಾಗ ಮಾತ್ರ ಎಲ್ಲರೂ ಗಪ್ ಚುಪ್ ಆಗಿ ಕೇಳ್ತಿದ್ರು. ಸಣ್ಣ ಪಾತ್ರದವರ ಹಾಡಿಗೆ ಸೊರ್ಬೆತ್ತೊ ಹಾಡು ಅಂತಲೇ ಹೆಸರಿತ್ತು, ಆ ಹೊತ್ತಲ್ಲಿ ಜನ ಐಸು ತಿನ್ನೋಕೆ ಎದ್ದು ಹೋಗ್ತಿದ್ರು. ದೀಪಗಳನ್ನೂ ಆರಿಸ್ತಿರಲಿಲ್ಲ, ಯಾಕಂದ್ರೆ ಎದುರಿನ ಬಾಕ್ಸ್‌ನಲ್ಲಿ ಯಾರು ಯಾರ ಜೊತೆ ಕೂತಿದ್ದಾರೆ ಅನ್ನೋದು ಕಾಣಬೇಕಲ್ಲ! ಸಾನ್ ಕಾರ್ಲೊದಲ್ಲಿ ಬಾಕ್ಸ್‌ಗಳಲ್ಲಿರೋ ಕನ್ನಡಿಗಳನ್ನ ರಾಜನ ಬಾಕ್ಸ್ ಕಾಣೋ ಹಾಗೆ ಓರೆಯಾಗಿ ಇಟ್ಟಿದ್ರಂತೆ, ಅವನು ಚಪ್ಪಾಳೆ ತಟ್ಟಿದಾನಾ ಇಲ್ವಾ ನೋಡಿಕೊಂಡು ಆಮೇಲೆ ಉಳಿದವರು ತಟ್ಟೋಕೆ.

ನಾನು ಈ ವಿಷಯ ಒತ್ತಿ ಹೇಳೋದು ಯಾಕಂದ್ರೆ ಮುಂದೆ ಸೌಂಡ್ ಬಗ್ಗೆ ಬರೋ ಎಲ್ಲಾ ಪ್ರಶ್ನೆಗೂ ಬೇರು ಇಲ್ಲಿದೆ. ಬಾಕ್ಸ್ ಬಂದಿದ್ದು ದುಡ್ಡಿಗೋಸ್ಕರ, ಅಂತಸ್ತಿಗೋಸ್ಕರ. ಆದ್ರೆ ಆ ಬಾಕ್ಸ್‌ಗಳು ಒಳಗಿನ ಸದ್ದನ್ನ ಒಂದು ರೀತಿ ಮಾಡಿಬಿಟ್ವು, ಆ ಸದ್ದಿಗೆ ಹೊಂದೋ ಹಾಗೆ ಮುಂದಿನ ಇನ್ನೂರು ಚಿಲ್ಲರೆ ವರ್ಷ ಸಂಗೀತ ಬರೆದ್ರು.

ಕುದುರೆ ಲಾಳದ ಆಕಾರನೇ ಯಾಕೆ?

ಒಂದೇ ಸಲಕ್ಕೆ ಯಾರೂ ತೀರ್ಮಾನ ಮಾಡಿದ್ದಲ್ಲ. ಮೊದಮೊದಲ ವೆನಿಸ್ ಥಿಯೇಟರ್‌ಗಳು ಯು ಆಕಾರದಲ್ಲಿದ್ವು. ರೋಮ್‌ನ ತೊರ್ದಿನೋನಾಗೆ 1670ರ ಸುಮಾರಿಗೆ ಕಾರ್ಲೊ ಫೊಂತಾನಾ ಲಾಳದ ಆಕಾರ ಕೊಟ್ಟ, 1732ರಲ್ಲಿ ಅದೇ ರೋಮ್‌ನ ಆರ್ಜೆಂತೀನಾ ಥಿಯೇಟರ್ ಬಂದಮೇಲೆ ಅದನ್ನೇ ಮಾದರಿ ಅಂತ ಜನ ನೋಡೋಕೆ ಶುರು ಮಾಡಿದ್ರು. ಥಿಯೇಟರ್ ಕಟ್ಟೋದರಲ್ಲೇ ಹೆಸರಾದ ಬಿಬಿಯೇನಾ ಮನೆತನದವರಿಗೆ ಗಂಟೆ ಆಕಾರದ ಮೇಲೆ ಪ್ರೀತಿ, ಬೊಲೊನ್ಯಾದ ಕೊಮುನಾಲೆ ಥಿಯೇಟರ್ ಅಂತೋನಿಯೊ ಬಿಬಿಯೇನಾ ಕಟ್ಟಿದ್ದು, 1763. ಅರ್ಧ ಅಂಡಾಕಾರ ಬೇಕು, ಅರ್ಧ ವೃತ್ತ ಬೇಕು ಅಂತ ಪುಸ್ತಕ ಬರೆದು ಜಗಳ ಆಡಿದವರೂ ಇದ್ದಾರೆ, ಫ್ರಾನ್ಸ್‌ನ ಪಿಯೆರ್ ಪಾತ್ 1782ರಲ್ಲಿ ಅಂಡಾಕಾರಕ್ಕೆ ವಕಾಲತ್ತು ವಹಿಸಿದ, ಅಂಡಾಕಾರದ ಒಳಗಿನ ಎರಡು ಫೋಕಸ್ ಬಿಂದುಗಳಲ್ಲಿ, ಅಂದ್ರೆ ನಾಭಿಗಳಲ್ಲಿ, ಒಂದರಲ್ಲಿ ಹಾಡಿದ್ರೆ ಇನ್ನೊಂದು ನಾಭಿಗೆ ಸದ್ದು ಹೋಗಿ ಸೇರತ್ತೆ ಅನ್ನೋ ಜ್ಯಾಮಿತಿ ಅವನಿಗೆ ಹಿಡಿಸಿತ್ತು. ಈಗಿನ ಅಕೌಸ್ಟಿಕ್ಸ್, ಅಂದ್ರೆ ಸದ್ದಿನ ವಿಜ್ಞಾನ, ಓದಿದವರಿಗೆ ಅದೇ ಭಯ, ಒಂದೇ ಜಾಗಕ್ಕೆ ಸದ್ದು ಗುಂಪುಗೂಡಿದ್ರೆ ಉಳಿದ ಜಾಗಕ್ಕೆ ಬರಗಾಲ.

ಲಾಳ ಗೆದ್ದಿದ್ದು ರಾಜಿ ಸೂತ್ರದ ಹಾಗೆ. ಹಿಂದುಗಡೆ ದುಂಡಗಿರೋದ್ರಿಂದ ಸ್ಟೇಜಿಂದ ದೂರ ಕಡಿಮೆ, ತುದಿಗಳು ಒಳಕ್ಕೆ ಬಾಗೋದ್ರಿಂದ ಜಾಸ್ತಿ ಬಾಕ್ಸ್ ಹಿಡಿಸತ್ತೆ, ಎಲ್ಲರ ಮುಖ ಎಲ್ಲರಿಗೂ ಕಾಣತ್ತೆ. ಸ್ಟೇಜ್ ಮಾತ್ರ ಎಲ್ಲರಿಗೂ ಕಾಣಲ್ಲ! ಸೈಡ್ ಬಾಕ್ಸ್‌ನವರಿಗೆ ಅರ್ಧ ಸ್ಟೇಜ್ ಕಟ್. ಆ ಕಾಲಕ್ಕೆ ಅದು ದೊಡ್ಡ ದೂರು ಆಗಿರಲಿಲ್ಲ.

ಹಳೇ ಕಾಲದಲ್ಲಿ ಸೀನ್ ಹೇಗೆ ಚೇಂಜ್ ಮಾಡ್ತಿದ್ರು?

ಬಣ್ಣ ಬಳಿದ ಚಪ್ಪಟೆ ಫ್ಲಾಟ್‌ಗಳು ಎರಡೂ ಪಕ್ಕದಲ್ಲಿ ಸಾಲಾಗಿ ನಿಂತಿರ್ತವೆ, ಹಿಂದೆ ಹಿಂದೆ ಹೋದ ಹಾಗೆ ಚಿಕ್ಕದಾಗಿ ಕಾಣೋ ಹಾಗೆ ಬರೆದಿರೋದ್ರಿಂದ ಸ್ಟೇಜ್ ಮೈಲಿಗಟ್ಟಲೆ ಉದ್ದ ಅನ್ಸತ್ತೆ. 1640ರ ದಶಕದಲ್ಲಿ ವೆನಿಸ್‌ನ ನೊವಿಸ್ಸಿಮೊ ಥಿಯೇಟರ್‌ನಲ್ಲಿ ಜಾಕೊಮೊ ತೊರೆಲ್ಲಿ ಅನ್ನೋ ಇಂಜಿನಿಯರ್ ಈ ಎಲ್ಲಾ ಫ್ಲಾಟ್‌ಗಳನ್ನ ಸ್ಟೇಜ್ ಕೆಳಗಿನ ಗಾಲಿ ಬಂಡಿಗಳಿಗೆ ಕಟ್ಟಿ, ಎಲ್ಲಾ ಹಗ್ಗ ಒಂದೇ ರಾಟೆಗೆ ಸುತ್ತಿ, ಭಾರದ ಗುಂಡು ನೇತುಹಾಕಿದ್ದ. ಒಬ್ಬ ಹುಡುಗ ಕೀಲು ಬಿಡಿಸಿದ್ರೆ ಸಾಕು, ಕಣ್ಣೆದುರಿಗೇ ಅರಮನೆ ಹೋಗಿ ಕಾಡು ಬರ್ತಿತ್ತು. ಈ ಬರೆದ ಪರದೆ, ಸೈಡ್ ವಿಂಗ್ ಪದ್ಧತಿ ಯುರೋಪೆಲ್ಲಾ ಹರಡಿ, ಇಂಗ್ಲಿಷರ ಜೊತೆ ಮುಂಬೈಗೆ ಬಂದು, ಪಾರ್ಸಿ ಕಂಪನಿಗಳ ಕೈಯಿಂದ ನಮ್ಮ ಕನ್ನಡ ಕಂಪನಿ ನಾಟಕಗಳ ಸ್ಟೇಜಿಗೂ ಬಂತು. ಅರಮನೆ ಪರದೆ, ಕಾಡಿನ ಪರದೆ, ರಸ್ತೆ ಪರದೆ ನೋಡಿ ಬೆಳೆದವರಿಗೆ ಅದರ ಅಜ್ಜನ ಮನೆ ಇದು.

ಮೈಕ್ ಇಲ್ದೆ ಎರಡು ಸಾವಿರ ಜನಕ್ಕೆ ಒಬ್ಬರ ದನಿ ಹೇಗೆ ಕೇಳತ್ತೆ? ಅದೂ ಅಷ್ಟು ದೊಡ್ಡ ಆರ್ಕೆಸ್ಟ್ರಾ ಮೇಲೆ?

ಜಾಸ್ತಿ ಬರೋ ಪ್ರಶ್ನೆ ಇದೇ. ಅರ್ಧ ಉತ್ತರ ಗಂಟಲಲ್ಲಿದೆ, ಅರ್ಧ ಕಟ್ಟಡದಲ್ಲಿದೆ.

ಗಂಟಲಿನದ್ದು ಮೊದಲು. ಆರ್ಕೆಸ್ಟ್ರಾ ಪೂರ್ತಿ ಜೋರಾಗಿ ನುಡಿಸುವಾಗ ಅದರ ಶಕ್ತಿ ಹೆಚ್ಚಾಗಿ 500 ಹರ್ಟ್ಜ್ ಆಸುಪಾಸಲ್ಲಿ ಇರತ್ತೆ, ಮೇಲಕ್ಕೆ ಹೋದ ಹಾಗೆ ಇಳೀತಾ ಬರತ್ತೆ. ತರಬೇತಾದ ಒಪೆರಾ ಗಾಯಕರು, ಅದರಲ್ಲೂ ಗಂಡಸರು, ಗಂಟಲಿನ ಕೆಳಭಾಗವನ್ನ ಒಂದು ರೀತಿ ಹಿಡಿದು 3000 ಹರ್ಟ್ಜ್ ಹತ್ತಿರ ಇನ್ನೊಂದು ಶಿಖರ ಎಬ್ಬಿಸ್ತಾರೆ. ಸ್ವೀಡನ್ನಿನ ಯೋಹಾನ್ ಸುಂಡ್‌ಬೆರ್ಗ್ ಇದನ್ನ ಅಳೆದು ವಿವರಿಸಿದವರು, ಸಿಂಗರ್ಸ್ ಫಾರ್ಮೆಂಟ್ ಅಂತ ಹೆಸರು. ಅಲ್ಲಿ ಆರ್ಕೆಸ್ಟ್ರಾ ದುರ್ಬಲ, ನಮ್ಮ ಕಿವಿಯೋ ಅಲ್ಲೇ ಚುರುಕು, ಹಾಗಾಗಿ ಎಂಬತ್ತು ಜನ ನುಡಿಸ್ತಾ ಇದ್ರೂ ಒಬ್ಬರ ದನಿ ಸೀಳಿಕೊಂಡು ಬರತ್ತೆ. ಸೊಪ್ರಾನೊಗಳು, ಅಂದ್ರೆ ಎತ್ತರದ ದನಿಯ ಗಾಯಕಿಯರು, ತೀರಾ ಮೇಲಿನ ಸ್ವರದಲ್ಲಿ ಬೇರೆ ದಾರಿ ಹಿಡೀತಾರೆ, ಬಾಯಿ ಅಗಲಿಸಿ ಮೂಲ ಸ್ವರಕ್ಕೇ ಬಲ ಕೊಡ್ತಾರೆ.

ಈಗ ಕಟ್ಟಡ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡತ್ತೆ. ಗಾಯಕಿಯ ಬಾಯಿಂದ ನೇರ ಬಂದ ಸದ್ದಿನ ಬೆನ್ನಿಗೇ, ಅಂದ್ರೆ ಸುಮಾರು 50 ಮಿಲಿಸೆಕೆಂಡ್ ಒಳಗೆ, ಗೋಡೆಗೋ ಸೀಲಿಂಗಿಗೋ ತಗುಲಿ ಬಂದ ಸದ್ದೂ ಕಿವಿಗೆ ಬಿದ್ರೆ ನಮ್ಮ ಮಿದುಳು ಎರಡನ್ನೂ ಸೇರಿಸಿ ಒಂದೇ ಅಂತ ತಗೊಳ್ಳತ್ತೆ, ದನಿ ಜೋರಾಯ್ತು, ಸ್ಪಷ್ಟ ಆಯ್ತು ಅನ್ಸತ್ತೆ. 50 ಮಿಲಿಸೆಕೆಂಡಲ್ಲಿ ಸದ್ದು ಓಡೋದು 17 ಮೀಟರ್, ಸುತ್ತು ಹಾಕಿ ಬರೋ ದಾರಿ ನೇರ ದಾರಿಗಿಂತ 17 ಮೀಟರಿಗಿಂತ ಉದ್ದ ಇರಬಾರದು ಅಂತಾಯ್ತು. ಸಾನ್ ಕಾರ್ಲೊದ ಸಭಾಂಗಣ ಹೆಚ್ಚು ಕಡಿಮೆ 28.6 ಮೀಟರ್ ಉದ್ದ, 22.5 ಮೀಟರ್ ಅಗಲ. ಈ ಅಳತೆಯಲ್ಲಿ ಸೀಲಿಂಗು, ಸ್ಟೇಜಿನ ಚೌಕಟ್ಟು, ಬಾಕ್ಸ್‌ಗಳ ಮುಂದಿನ ಕಟ್ಟೆ ಎಲ್ಲಾ ಸೇರಿ ತುಂಬಾ ಸೀಟುಗಳಿಗೆ ಆ ಬೇಗನೆ ಬರೋ ಸದ್ದನ್ನ ಕಳಿಸ್ತವೆ. ಬಾಕ್ಸ್‌ಗಳ ಮುಂದಿನ ಕೆತ್ತನೆ, ಉಬ್ಬು ತಗ್ಗು, ಕಂಬ ಇದಾವಲ್ಲ, ಅವು ಸದ್ದನ್ನ ಚೂರು ಚೂರು ಮಾಡಿ ಎಲ್ಲಾ ಕಡೆ ಚೆಲ್ಲತ್ತೆ, ಇಲ್ಲಾಂದ್ರೆ ಈ ದುಂಡು ಗೋಡೆ ಒಂದೇ ಕಡೆಗೆ ಸದ್ದು ಒಟ್ಟುಮಾಡಿ ಕೆಡಿಸ್ತಿತ್ತು.

ಇನ್ನೊಂದು ಇದೆ. ಹಳೇ ಥಿಯೇಟರ್‌ಗಳಲ್ಲಿ ಸ್ಟೇಜಿನ ತುದಿ ಚೌಕಟ್ಟನ್ನ ದಾಟಿ ಜನರ ಮಧ್ಯಕ್ಕೆ ಚಾಚಿಕೊಂಡಿರ್ತಿತ್ತು, ಗಾಯಕರು ಅಲ್ಲೇ ಮುಂದೆ ಬಂದು ನಿಂತು ಹಾಡೋರು. ಅಂದ್ರೆ ದನಿ ಹೊರಡ್ತಿದ್ದಿದ್ದೇ ಕೇಳುಗರು ಕೂತ ಕೋಣೆಯೊಳಗಿಂದ. ಆಮೇಲೆ ಬಹಳ ಕಡೆ ಅದನ್ನ ಕಡಿದು ಹಿಂದಕ್ಕೆ ತಂದ್ರು, ಈಗಿನ ಡೈರೆಕ್ಟರ್‌ಗಳು ಗಾಯಕರನ್ನ ಸ್ಟೇಜಿನ ಆಳದಲ್ಲಿ ನಿಲ್ಲಿಸ್ತಾರೆ, ಮೇಲಿರೋ ಪರದೆ ಬಟ್ಟೆ ಎಲ್ಲಾ ಸದ್ದು ಕುಡಿದುಬಿಡತ್ತೆ, ಆಮೇಲೆ ಈಗಿನವರಿಗೆ ದನಿಯೇ ಇಲ್ಲ ಅಂತ ಬೈಯೋದು. ಗಾಯಕರಿಗೆ ಇದರಿಂದ ಆಗೋ ಅನ್ಯಾಯ ನೋಡಿದ್ರೆ ನನಗೆ ನಿಜವಾಗ್ಲೂ ಬೇಜಾರಾಗತ್ತೆ.

ಇಂಥ ಥಿಯೇಟರ್‌ಗಳಲ್ಲಿ ರಿವರ್ಬ್ ಕಡಿಮೆ, ಸೌಂಡ್ ಡ್ರೈ ಅಂತಾರೆ. ಹಾಗಾದ್ರೆ ಅಕೌಸ್ಟಿಕ್ಸ್ ಕೆಟ್ಟದ್ದು ಅಂತಲಾ?

ಡ್ರೈ ಅನ್ನೋದು ನಿಜ, ಕೆಟ್ಟದ್ದು ಅನ್ನೋದು ತಪ್ಪು. ಸದ್ದು ನಿಂತ ಮೇಲೆ 60 ಡೆಸಿಬೆಲ್ ಇಳಿಯೋಕೆ ಎಷ್ಟು ಹೊತ್ತು ಬೇಕು ಅನ್ನೋದೇ ರಿವರ್ಬ್ ಟೈಮ್, ಹಾರ್ವರ್ಡ್‌ನ ವಾಲೇಸ್ ಸಬೈನ್ 1890ರ ದಶಕದ ಕೊನೆಯಲ್ಲಿ ಇದಕ್ಕೆ ಲೆಕ್ಕ ಕಂಡುಹಿಡಿದ್ರು: ಕೋಣೆಯ ಗಾತ್ರ ಹೆಚ್ಚಾದ್ರೆ ಟೈಮ್ ಹೆಚ್ಚು, ಸದ್ದು ಹೀರೋ ವಸ್ತು ಹೆಚ್ಚಾದ್ರೆ ಟೈಮ್ ಕಡಿಮೆ. ಹೊಸ ಮನೆ ಖಾಲಿ ಇದ್ದಾಗ ಮಾತಾಡಿದ್ರೆ ಗುಂಯ್ ಅನ್ನತ್ತೆ, ಸೋಫಾ, ಹಾಸಿಗೆ, ಕರ್ಟನ್ ಬಂದ್ಮೇಲೆ ಆ ಗುಂಯ್ ಮಾಯ ಆಗತ್ತಲ್ಲ, ಅದೇ ಇದು. ಬಾಕ್ಸ್‌ಗಳೆಲ್ಲಾ ಬಟ್ಟೆ, ಮಖಮಲ್ಲು, ಮನುಷ್ಯರು ತುಂಬಿದ ಗೂಡುಗಳು. ಒಳಗೆ ಹೋದ ಸದ್ದು ವಾಪಸ್ ಬರೋದು ಕಮ್ಮಿ. ಜೊತೆಗೆ ತಲೆಗೆ ಇಷ್ಟು ಗಾಳಿ ಅನ್ನೋ ಲೆಕ್ಕದಲ್ಲೂ ಈ ಥಿಯೇಟರ್‌ಗಳು ಇಕ್ಕಟ್ಟು, ಸ್ಕಾಲಾದ ಒಳಗಿನ ಗಾತ್ರ ಹನ್ನೊಂದು ಸಾವಿರ ಕ್ಯೂಬಿಕ್ ಮೀಟರ್ ಚಿಲ್ಲರೆ, ಜನ ಸುಮಾರು ಎರಡು ಸಾವಿರ.

ಜನ ತುಂಬಿದಾಗ ಸ್ಕಾಲಾದಲ್ಲಿ ರಿವರ್ಬ್ ಸುಮಾರು 1.2 ಸೆಕೆಂಡ್. ವಿಯೆನ್ನಾದ ಮ್ಯೂಸಿಕ್‌ಫೆರೈನ್ ಕಾನ್ಸರ್ಟ್ ಹಾಲ್‌ನಲ್ಲಿ ಸುಮಾರು 2 ಸೆಕೆಂಡ್. ಸಿಂಫನಿಗೆ ಆ 2 ಸೆಕೆಂಡ್ ಬೇಕು, ಸ್ವರಗಳು ಒಂದರ ಮೇಲೊಂದು ಹರಡಿ ತುಂಬಿಕೊಳ್ಳಬೇಕು. ಆದ್ರೆ ರೊಸ್ಸೀನಿಯ ಒಪೆರಾದಲ್ಲಿ ಒಬ್ಬ ಹಾಸ್ಯಗಾರ ಉಸಿರು ಬಿಡದೆ ಪಟಪಟ ಅಂತ ಮಾತು ಉದುರಿಸ್ತಾನಲ್ಲ, ಅದನ್ನ 2 ಸೆಕೆಂಡ್ ರಿವರ್ಬ್‌ನಲ್ಲಿ ಹಾಡಿಸಿ ನೋಡಿ, ಒಂದಕ್ಷರ ಅರ್ಥ ಆಗಲ್ಲ. ಆ ವೇಗದ ಹಾಡು, ಬರೀ ಹಾರ್ಪ್ಸಿಕಾರ್ಡ್ ಜೊತೆ ಮಾತಿನ ಓಟದಲ್ಲೇ ಸಾಗೋ ರೆಚಿತಾತಿವೊ, ಗಮಕದ ಹಾಗೆ ಸಣ್ಣ ಸಣ್ಣ ಸ್ವರಗಳ ಸರಮಾಲೆ, ಇವೆಲ್ಲಾ ಈ ಡ್ರೈ ಕೋಣೆಯಲ್ಲೇ ಬೆಳೆದದ್ದು. ಸಂಗೀತಗಾರ ವೆರ್ಡಿ ರಿಗೊಲೆತ್ತೊ ಒಪೆರಾ ಬರೆದಿದ್ದು ಫೆನಿಚೆಗೆ, 1851. ಲಾ ತ್ರಾವಿಯಾತಾ ಕೂಡ ಅಲ್ಲಿಗೇ, 1853. ಎಲ್ಲಿ ಹಾಡ್ತಾರೆ, ಯಾರು ಹಾಡ್ತಾರೆ ಅಂತ ಗೊತ್ತಿಟ್ಟುಕೊಂಡೇ ಅವರು ಬರೆದಿದ್ದು. ಹಾಗಾಗಿ ಕಾನ್ಸರ್ಟ್ ಹಾಲ್ ಅಳತೆಗೋಲು ತಂದು ಈ ಕಟ್ಟಡಗಳಿಗೆ ಮಾರ್ಕ್ಸ್ ಕೊಡೋದು ನನ್ನ ಪ್ರಕಾರ ಸರಿಯಲ್ಲ.

ಒಳಗೆ ಮರ ಇರೋದ್ರಿಂದ ಪಿಟೀಲಿನ ಹಾಗೆ ಇಡೀ ಥಿಯೇಟರ್ ನುಡಿಯತ್ತೆ ಅಂತಾರಲ್ಲ, ನಿಜಾನಾ?

ಹಳೇ ನಂಬಿಕೆ. 1755ರಲ್ಲಿ ಅಲ್ಗರೊಟ್ಟಿ ಒಪೆರಾ ಬಗ್ಗೆ ಬರೆದ ಪ್ರಬಂಧದಲ್ಲೂ ಒಳಗೆ ಮರವೇ ಇರಲಿ ಅನ್ನೋ ವಾದ ಇದೆ. ತೆಳ್ಳಗಿನ ಮರದ ಹಲಗೆಯ ಹಿಂದೆ ಟೊಳ್ಳು ಇದ್ರೆ ಅದು ತಗ್ಗು ಸ್ವರಗಳಿಗೆ ಕಂಪಿಸತ್ತೆ ಅನ್ನೋದು ಸರಿ, ಆದ್ರೆ ಕಂಪಿಸೋವಾಗ ಆ ಶಕ್ತಿಯನ್ನ ತಾನೇ ನುಂಗಿಕೊಳ್ಳತ್ತೆ, ಕೇಳುಗರಿಗೆ ಹೆಚ್ಚಿಗೆ ಏನೂ ಸಿಗಲ್ಲ, ಬೇಸ್ ಸ್ವಲ್ಪ ಕಡಿಮೆನೇ ಆಗತ್ತೆ. ಅದರಿಂದ ಒಂದು ಉಪಕಾರ ಇದೆ, ಚೆಲ್ಲೋ, ಡಬಲ್ ಬೇಸು ಗದ್ದಲ ಎಬ್ಬಿಸಿ ದನಿಯನ್ನ ಮುಚ್ಚಿಹಾಕಲ್ಲ. ವಾದ್ಯ ಊರಿರೋ ಮರದ ನೆಲದ ಕಥೆ ಬೇರೆ, ಅದು ನೇರವಾಗಿ ನಡುಗತ್ತೆ, ಕಾಲಲ್ಲಿ ಗೊತ್ತಾಗತ್ತೆ ಕೂಡ.

ಟ್ಯೂರಿನ್‌ನ ತೆಯಾತ್ರೊ ರೆಜೊದಲ್ಲಿ, 1740ರಲ್ಲಿ ಬೆನೆದೆತ್ತೊ ಅಲ್ಫಿಯೇರಿ ಕಟ್ಟಿದ್ದು, ಆರ್ಕೆಸ್ಟ್ರಾ ಕೂರೋ ನೆಲದ ಕೆಳಗೆ ಕಮಾನಿನ ಹಾಗೆ ಟೊಳ್ಳು ಬಿಟ್ಟು, ಅಲ್ಲಿಂದ ಕೊಳವೆಗಳನ್ನ ಸ್ಟೇಜಿನ ಕಡೆ ತಂದಿದ್ರು, ಕೆಳಗಿನ ಟೊಳ್ಳು ಸದ್ದಿಗೆ ಬಲ ಕೊಡಲಿ ಅಂತ. ಆಗಿನ ಕಾಲದವರು ಇದನ್ನ ಹಾಡಿ ಹೊಗಳಿದ್ರು. ವಿಜ್ಞಾನ ಗೊತ್ತಿಲ್ಲದ ಕಾಲದಲ್ಲಿ ಕಿವಿ ಒಂದನ್ನೇ ನಂಬಿ ಇಷ್ಟೆಲ್ಲಾ ಪ್ರಯೋಗ ಮಾಡಿದ್ರಲ್ಲ ಅನ್ನೋದೇ ನನಗೆ ದೊಡ್ಡದು ಅನ್ಸತ್ತೆ.

ನಿಜವಾಗಿ ಕೆಲಸ ಮಾಡೋದು ಸೀಲಿಂಗು. ಬಹಳ ಥಿಯೇಟರ್‌ಗಳಲ್ಲಿ ಅದು ಕಲ್ಲಿನದ್ದಲ್ಲ, ಮರದ ತೊಲೆಗಳಿಂದ ನೇತುಹಾಕಿದ ಜೊಂಡಿನ ಚಾಪೆಗೆ ಗಾರೆ ಮೆತ್ತಿ ಮೇಲೆ ಚಿತ್ರ ಬರೆದಿರೋದು. ಹಗುರ, ನುಣುಪು, ಸ್ವಲ್ಪವೇ ಬಾಗು. ತೀರಾ ಗುಮ್ಮಟ ಮಾಡಿದ್ರೆ ಸದ್ದು ಒಂದೇ ಕಡೆ ಬೀಳತ್ತೆ, ಅದಕ್ಕೆ ಒಳ್ಳೇ ಕೆಲಸಗಾರರು ಬಾಗು ತಗ್ಗಿಸೇ ಇಡ್ತಿದ್ರು.

ಆರ್ಕೆಸ್ಟ್ರಾ ಪಿಟ್ ಮೊದಲಿಂದ ಇತ್ತಾ?

ಇಲ್ಲ. ವಾದ್ಯದವರು ಪ್ಲಾತೇಯಾ ಮಟ್ಟದಲ್ಲೇ, ಒಂದು ಅಡ್ಡಗೋಡೆ ಆಚೆ ಕೂರ್ತಿದ್ರು. ಆರ್ಕೆಸ್ಟ್ರಾ ದೊಡ್ಡದಾಗ್ತಾ ಹೋದ ಹಾಗೆ ದನಿ ಮುಚ್ಚಿಹೋಗೋ ಸಮಸ್ಯೆ ಬಂತು. ಒಪೆರಾ ಸಂಗೀತಗಾರ ವಾಗ್ನರ್ 1876ರಲ್ಲಿ ಜರ್ಮನಿಯ ಬೈರಾಯ್ಟ್‌ನಲ್ಲಿ ಆರ್ಕೆಸ್ಟ್ರಾವನ್ನ ಸ್ಟೇಜಿನಡಿಗೆ ಇಳಿಸಿ ಮೇಲೆ ಮುಚ್ಚಿಗೆ ಹಾಕಿಸಿದ, ಸುತ್ತ ಬಾಕ್ಸ್ ತೆಗೆದು ಬೀಸಣಿಗೆ ಆಕಾರದಲ್ಲಿ ಎಲ್ಲರೂ ಸ್ಟೇಜ್ ಕಡೆಗೇ ಮುಖ ಮಾಡಿ ಕೂರೋ ಹಾಗೆ ಮಾಡಿದ, ದೀಪ ಆರಿಸಿದ. ಇಟಾಲಿಯನ್ ಮಾದರಿಗೆ ಎದುರು ಬಿದ್ದ ಮೊದಲ ದೊಡ್ಡ ಕಟ್ಟಡ ಅದು. ಇಟಲಿಯ ಥಿಯೇಟರ್‌ಗಳು ಬಾಕ್ಸ್ ಬಿಡಲಿಲ್ಲ, ಪಿಟ್ ಮಾತ್ರ ತಗೊಂಡ್ವು, ಬಹಳಷ್ಟು ಕಡೆ 20ನೇ ಶತಮಾನದ ಆರಂಭದಲ್ಲಿ.

ಇಷ್ಟೊಂದು ಒಪೆರಾ ಹೌಸ್ ಸುಟ್ಟು ಹೋಗಿದ್ದು ಯಾಕೆ?

ಮರದ ಚೌಕಟ್ಟು, ಬಣ್ಣ ಬಳಿದ ಬಟ್ಟೆ, ಹಗ್ಗ, ಅದರ ಮಧ್ಯೆ ನೂರಾರು ಮೇಣದ ಬತ್ತಿ, ಎಣ್ಣೆ ದೀಪ, ಆಮೇಲೆ ಗ್ಯಾಸ್. ಸಾನ್ ಕಾರ್ಲೊ 1737ರ ನವೆಂಬರ್ 4ಕ್ಕೆ ಶುರುವಾಗಿದ್ದು, 1816ರ ಫೆಬ್ರವರಿಯಲ್ಲಿ ಸುಟ್ಟುಹೋಯ್ತು, ಆರ್ಕಿಟೆಕ್ಟ್ ನಿಕ್ಕೊಲೀನಿ ಅದನ್ನ ಒಂದು ವರ್ಷದೊಳಗೇ ಎಬ್ಬಿಸಿ 1817ರ ಜನವರಿ 12ಕ್ಕೆ ಮತ್ತೆ ಬಾಗಿಲು ತೆರೆಸಿದ. ಫೆನಿಚೆ 1792ರಲ್ಲಿ ಶುರು, 1836ರ ಡಿಸೆಂಬರಲ್ಲಿ ಬೂದಿ, ಮರುವರ್ಷದ ಡಿಸೆಂಬರಿಗೆ ಮತ್ತೆ ರೆಡಿ. ಬೊಲೊನ್ಯಾದಲ್ಲಿ ಬಿಬಿಯೇನಾ ಬಾಕ್ಸ್‌ಗಳನ್ನ ಮರದ ಬದಲು ಇಟ್ಟಿಗೆ ಗಾರೆಯಲ್ಲಿ ಕಟ್ಟಿದ್ದು ಈ ಬೆಂಕಿ ಭಯಕ್ಕೇ, ಅದಿನ್ನೂ ನಿಂತಿದೆ. ಸ್ಕಾಲಾಗೆ ಕರೆಂಟ್ ದೀಪ ಬಂದಿದ್ದು 1883ರ ಡಿಸೆಂಬರಲ್ಲಿ. ಅದನ್ನ ಹಾಳು ಮಾಡಿದ್ದು ಬೆಂಕಿ ಕಿಡಿಯಲ್ಲ, 1943ರ ಆಗಸ್ಟಿನ ಬಾಂಬು. 1946ರ ಮೇ 11ಕ್ಕೆ ಆರ್ಕೆಸ್ಟ್ರಾ ಕಂಡಕ್ಟರ್ ತೊಸ್ಕನೀನಿ ಕಾನ್ಸರ್ಟ್ ನಡೆಸಿಕೊಟ್ಟು ಮತ್ತೆ ಶುರು ಮಾಡಿದ್ರು, ಇಡೀ ಊರಿಗೇ ಯುದ್ಧ ಮುಗೀತು ಅನ್ನಿಸಿದ ಸಂಜೆ ಅದು.

ಫೆನಿಚೆ 1996ರಲ್ಲಿ ಪೂರ್ತಿ ಸುಟ್ಟಿತ್ತಲ್ಲ, ಹಳೇ ಸೌಂಡ್ ಮತ್ತೆ ಹೇಗೆ ತಂದ್ರು?

1996ರ ಜನವರಿ 29ರ ರಾತ್ರಿ. ರಿಪೇರಿ ಕೆಲಸಕ್ಕೆ ಬಂದಿದ್ದ ಇಬ್ಬರು ಎಲೆಕ್ಟ್ರಿಷಿಯನ್‌ಗಳು, ಕೆಲಸ ತಡ ಆಗಿದ್ದಕ್ಕೆ ದಂಡ ಬೀಳತ್ತೆ ಅಂತ ಬೆಂಕಿ ಹಚ್ಚಿದ್ರು, ಕೋರ್ಟಲ್ಲಿ ಸಾಬೀತಾಗಿ ಶಿಕ್ಷೆ ಆಯ್ತು. ಪಕ್ಕದ ಕಾಲುವೆಯನ್ನ ಹೂಳೆತ್ತೋಕೆ ಅಂತ ಬತ್ತಿಸಿದ್ರು, ಬೆಂಕಿ ಆರಿಸೋ ದೋಣಿ ಹತ್ತಿರ ಬರೋಕಾಗಲಿಲ್ಲ. ಬೆಳಗಾಗೋ ಹೊತ್ತಿಗೆ ಬರೀ ಹೊರಗೋಡೆ.

ಆದ್ರೆ ಒಂದು ಪುಣ್ಯದ ಕೆಲಸ ಆಗಿತ್ತು. ಬೆಂಕಿಗೆ ಕೆಲವೇ ತಿಂಗಳ ಮುಂಚೆ ಲಂಬೆರ್ತೊ ತ್ರೊಂಕಿನ್ ಅನ್ನೋ ಅಕೌಸ್ಟಿಕ್ಸ್ ಸಂಶೋಧಕರು ಅಲ್ಲಿನ ಸದ್ದನ್ನ ಅಳೆದು ರೆಕಾರ್ಡ್ ಮಾಡಿಟ್ಟಿದ್ರು. ಈ ಅಳತೆ ಮಾಡೋ ರೀತಿ ಹೀಗೆ: ಖಾಲಿ ಥಿಯೇಟರಲ್ಲಿ ಒಂದು ಜಾಗದಲ್ಲಿ ಚಿಟಿಕೆ ಹೊಡೆದಷ್ಟು ಚಿಕ್ಕ, ಆದ್ರೆ ಜೋರಾದ ಸದ್ದು ಮಾಡ್ತಾರೆ, ಬಲೂನ್ ಒಡೆಯೋದೋ ಪಿಸ್ತೂಲ್ ಹಾರಿಸೋದೋ, ಈಗಂತೂ ಸ್ಪೀಕರಿಂದ ತಗ್ಗಿಂದ ಮೇಲಕ್ಕೆ ಏರೋ ಒಂದು ಉದ್ದ ಸ್ವರ ಬಿಡ್ತಾರೆ. ಮನುಷ್ಯನ ತಲೆ ಆಕಾರದ ಗೊಂಬೆಯ ಎರಡೂ ಕಿವಿಯಲ್ಲಿ ಮೈಕ್ ಇಟ್ಟು, ಸೀಟಿಂದ ಸೀಟಿಗೆ ಸಾಗಿಸ್ತಾ ಆ ಸದ್ದು ಹೇಗೆ ಬಂತು, ಎಷ್ಟು ಹೊತ್ತಿಗೆ ಎಲ್ಲಿಂದ ತಿರುಗಿ ಬಂತು, ಹೇಗೆ ಸತ್ತಿತು ಅಂತ ಹಿಡಿದಿಡ್ತಾರೆ. ಇಂಪಲ್ಸ್ ರೆಸ್ಪಾನ್ಸ್ ಅಂತಾರೆ. ಅದು ಕೈಯಲ್ಲಿದ್ರೆ ಸ್ಟುಡಿಯೋದಲ್ಲಿ ಹಾಡಿದ ದನಿಯನ್ನ ಆ ಥಿಯೇಟರಲ್ಲಿ ಹಾಡಿದ ಹಾಗೆ ಕೇಳಿಸಬಹುದು.

ಊರಿನವರು ಎಲ್ಲಿತ್ತೋ ಅಲ್ಲೇ, ಹೇಗಿತ್ತೋ ಹಾಗೇ ಬೇಕು ಅಂತ ಪಟ್ಟು ಹಿಡಿದ್ರು. ಡಿಸೈನ್ ಆಲ್ದೊ ರೊಸ್ಸಿಯದ್ದು, ಕೆಲಸ ಮುಗಿಯೋ ಮುಂಚೆ 1997ರಲ್ಲೇ ಅವರು ತೀರಿಕೊಂಡ್ರು. ಅಕೌಸ್ಟಿಕ್ಸ್ ನೋಡಿಕೊಂಡಿದ್ದು ಜರ್ಮನಿಯ ಮ್ಯೂಲರ್-ಬಿಬಿಎಂ ಕಂಪನಿ. ಹಳೇ ಅಳತೆ, ಫೋಟೋ, ನಕ್ಷೆ, 1950ರ ದಶಕದಲ್ಲಿ ಅಲ್ಲೇ ಶೂಟ್ ಆಗಿದ್ದ ಒಂದು ಸಿನಿಮಾದ ದೃಶ್ಯಗಳು, ಸಿಕ್ಕಿದ್ದನ್ನೆಲ್ಲಾ ಇಟ್ಟುಕೊಂಡು ಮರ, ಗಾರೆ, ಕೆತ್ತನೆ ಮತ್ತೆ ಮಾಡಿದ್ರು. 2003ರ ಡಿಸೆಂಬರ್ 14ಕ್ಕೆ ಮೊದಲ ಕಾನ್ಸರ್ಟ್, ಒಪೆರಾ ಶುರುವಾಗಿದ್ದು 2004ರ ನವೆಂಬರಲ್ಲಿ ಲಾ ತ್ರಾವಿಯಾತಾದಿಂದ. ಇಂಥ ಅಳತೆಗಳನ್ನ ಪ್ರತಿ ಹಳೇ ಥಿಯೇಟರಿಗೂ ಮಾಡಿಡಲೇಬೇಕು ಅನ್ನೋ ಒತ್ತಾಯ ಇಟಲಿಯ ವಿಶ್ವವಿದ್ಯಾಲಯಗಳಲ್ಲಿ ಜೋರಾಗಿದ್ದು ಇದಾದ ಮೇಲೇ. ಕಟ್ಟಡದ ಚಿತ್ರ ಇದ್ರೆ ಸಾಲದು, ಅದರ ಸದ್ದೂ ಪರಂಪರೆಯೇ, ನಾನ್ ಇದನ್ನ ಪೂರ್ತಿ ಒಪ್ತೀನಿ.

ಲಾ ಸ್ಕಾಲಾ ರಿನೋವೇಷನ್ ಬಗ್ಗೆ ಅಷ್ಟು ಗಲಾಟೆ ಯಾಕಾಯ್ತು?

2002ರಿಂದ 2004ರ ತನಕ ಮುಚ್ಚಿದ್ರು, ಆಟಗಳು ಊರಾಚೆ ಹೊಸದಾಗಿ ಕಟ್ಟಿದ್ದ ಆರ್ಚಿಂಬೊಲ್ದಿ ಥಿಯೇಟರಲ್ಲಿ. ಆರ್ಕಿಟೆಕ್ಟ್ ಮಾರಿಯೊ ಬೊತ್ತಾ ಹಿಂದಿನ ಸ್ಟೇಜ್ ಭಾಗ ಪೂರ್ತಿ ಒಡೆದು ಹೊಸದು ಕಟ್ಟಿ ಮೇಲೊಂದು ಅಂಡಾಕಾರದ ಗೋಪುರ ಎಬ್ಬಿಸಿದ್ದು ಹೊರಗಿಂದ ಕಾಣತ್ತೆ ಅಂತ ಬಹಳ ಜನ ಸಿಟ್ಟಾದ್ರು. ಕೇಳೋಕೆ ಹೋಗೋರಿಗೆ ಮುಖ್ಯ ಒಳಗಿನದ್ದು, ಅದರ ಅಕೌಸ್ಟಿಕ್ಸ್ ಹಿಜೀನಿ ಅರಾವು ಅನ್ನೋ ಸ್ಪೇನಿನ ತಜ್ಞರ ಕೈಲಿತ್ತು. ನೆಲದ ಮೇಲಿದ್ದ ಕಾರ್ಪೆಟ್ ಕಿತ್ತು ಮರದ ನೆಲ ತಂದ್ರು, ಸದ್ದು ಕುಡೀತಿದ್ದ ಒಂದು ದೊಡ್ಡ ಹಾಸು ಹೋಯ್ತು. 2004ರ ಡಿಸೆಂಬರ್ 7ಕ್ಕೆ, 1778ರಲ್ಲಿ ಮೊದಲ ದಿನ ಆಡಿದ್ದ ಸಾಲಿಯೆರಿಯ ಅದೇ ಒಪೆರಾದಿಂದ ಮತ್ತೆ ಶುರು.

ಇಟಲಿ ಹೊರಗೆ ಈ ಮಾದರಿ ಎಲ್ಲಿದೆ? ಭಾರತದಲ್ಲಿ?

ಎಲ್ಲಕ್ಕಿಂತ ಸೌಂಡ್ ಚೆನ್ನಾಗಿರೋದು ಅಂತ ಸಂಗೀತಗಾರರು ಮತ್ತೆ ಮತ್ತೆ ಹೆಸರಿಸೋದು ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನ ತೆಯಾತ್ರೊ ಕೊಲೋನ್, 1908. ಲಾಳದ ಆಕಾರನೇ, ಆದ್ರೆ ಒಳಗಿನ ಗಾತ್ರ ಸ್ಕಾಲಾಕ್ಕಿಂತ ಬಹಳ ದೊಡ್ಡದು, ಮೇಲಿನ ಅಂತಸ್ತುಗಳು ಬಾಕ್ಸ್ ಬದಲು ಓಪನ್, ಹಾಗಾಗಿ ರಿವರ್ಬ್ ಸುಮಾರು 1.6 ಸೆಕೆಂಡ್, ಮಾತೂ ಕೇಳತ್ತೆ, ತುಂಬಾನೂ ಇರತ್ತೆ. ಪ್ಯಾರಿಸ್‌ನ 1875ರ ಒಪೆರಾ ಕಟ್ಟಿದ ಗಾರ್ನಿಯೆ, ಅಕೌಸ್ಟಿಕ್ಸ್‌ಗೆ ನಂಬೋ ಹಾಗಿರೋ ಸಿದ್ಧಾಂತ ಒಂದೂ ಸಿಗಲಿಲ್ಲ ಅಂತ ತಾನೇ ಒಪ್ಪಿಕೊಂಡಿದ್ದಾನೆ. ಬ್ರೆಜಿಲ್‌ನ ಅಮೆಜಾನ್ ಕಾಡಿನ ಮಧ್ಯೆ ಮನೌಸ್‌ನಲ್ಲೂ 1896ರಲ್ಲಿ ರಬ್ಬರ್ ದುಡ್ಡಲ್ಲಿ ಒಂದು ಎದ್ದಿತು.

ನಮ್ಮಲ್ಲಿ ನೋಡಬೇಕು ಅಂದ್ರೆ ಮುಂಬೈನ ಚರ್ನಿ ರೋಡ್ ಹತ್ತಿರದ ರಾಯಲ್ ಒಪೆರಾ ಹೌಸ್. 1911ರಲ್ಲಿ ಐದನೇ ಜಾರ್ಜ್ ಉದ್ಘಾಟನೆ ಮಾಡಿದ್ದು, ಆಮೇಲೆ ಬಾಲ ಗಂಧರ್ವರಂಥವರು ಹಾಡಿದ ಸ್ಟೇಜು, ಸಿನಿಮಾ ಥಿಯೇಟರಾಗಿ, 1990ರ ದಶಕದಲ್ಲಿ ಮುಚ್ಚಿ, ರಿಪೇರಿಯಾಗಿ 2016ರಲ್ಲಿ ಮತ್ತೆ ತೆರೆದಿದೆ. ಬಾಕ್ಸ್‌ಗಳು, ಗಾರೆ ಕೆತ್ತನೆ ಎಲ್ಲಾ ಇದೆ. ಬೆಂಗಳೂರಿನ ಬ್ರಿಗೇಡ್ ರೋಡ್ ಮೂಲೆಯ ಒಪೆರಾ ಹೌಸ್ ಈಗ ಮೊಬೈಲ್ ಕಂಪನಿಯ ಶೋರೂಮ್, ಕಟ್ಟಡ ಹೊರಗಿಂದ ಚೆಂದ, ಆದ್ರೆ ಒಪೆರಾ ಕೇಳೋ ಆಸೆ ಇಟ್ಟುಕೊಂಡು ಹೋಗಬೇಡಿ.

ಇಟಲಿಗೆ ಹೋಗ್ತಿದೀನಿ, ಯಾವ ಸೀಟ್ ಬುಕ್ ಮಾಡಲಿ?

ಸೌಂಡ್ ಮುಖ್ಯ ಅಂದ್ರೆ ಕಣ್ಣು ಮುಚ್ಚಿಕೊಂಡು ಲೊಜೋನೆ ತಗೊಳ್ಳಿ. ರೇಟೂ ಕಡಿಮೆ, ಸೀಲಿಂಗ್ ತಲೆ ಮೇಲೇ ಇರೋದ್ರಿಂದ ದನಿ, ಆರ್ಕೆಸ್ಟ್ರಾ ಎರಡೂ ಸೇರಿ ನೇರ ಬರತ್ತೆ. ಕಟ್ಟಾ ರಸಿಕರು ಕೂರೋದೂ ಅಲ್ಲೇ, ಹಿಡಿಸದಿದ್ರೆ ಮುಲಾಜಿಲ್ಲದೆ ಕೂಗ್ತಾರೆ. 2006ರಲ್ಲಿ ಸ್ಕಾಲಾದಲ್ಲಿ ವೆರ್ಡಿಯ ಐದಾ ಒಪೆರಾ ನಡೀತಿದ್ದಾಗ ಇವರ ಕೂಗಿಗೆ ಟೆನರ್, ಅಂದ್ರೆ ಎತ್ತರದ ಗಂಡು ದನಿಯ ಗಾಯಕ, ರೊಬೆರ್ತೊ ಅಲಾನ್ಯಾ ಸ್ಟೇಜ್ ಬಿಟ್ಟೇ ಹೋದ್ರು, ಬದಲಿ ಗಾಯಕರು ಜೀನ್ಸ್ ಪ್ಯಾಂಟಲ್ಲೇ ಓಡಿ ಬಂದು ಮುಂದುವರಿಸಿದ್ರು.

ಬಾಕ್ಸ್ ತಗೊಳ್ಳೋದಾದ್ರೆ ಟಿಕೆಟಲ್ಲಿ ಮುಂದಿನ ಸೀಟಾ ಹಿಂದಿನ ಸೀಟಾ ಅಂತ ಕಡ್ಡಾಯ ನೋಡಿ. ಮುಂದಿನ ಕುರ್ಚಿಯಲ್ಲಿ ಕೂತು, ಮೊಣಕೈಯನ್ನ ಆ ಮಖಮಲ್ಲಿನ ಕಟ್ಟೆ ಮೇಲೆ ಊರಿ, ತಲೆ ಸ್ವಲ್ಪ ಹೊರಗೆ ಚಾಚಿದ್ರೆ ಸದ್ದು ಪೂರ್ತಿ ತೆರೆದುಕೊಳ್ಳತ್ತೆ. ಹಾಗೇ ಬೆನ್ನು ಹಿಂದಕ್ಕೆ ಒರಗಿಸಿ ನೋಡಿ, ಒಂದೂವರೆ ಅಡಿ ಹಿಂದೆ ಬಂದಿದ್ದಕ್ಕೇ ಪಿಟೀಲಿನ ಹೊಳಪು ಹೋಗಿ ಯಾರೋ ಬಾಗಿಲು ಅರ್ಧ ಮುಚ್ಚಿದ ಹಾಗಾಗತ್ತೆ. ಮೂರನೇ ಸಾಲಿನ ಸ್ಟೂಲಲ್ಲಿ ಕೂತವರಿಗೆ ಸೌಂಡೂ ಅರ್ಧ, ಸ್ಟೇಜೂ ಅರ್ಧ. ಸೈಡ್ ಬಾಕ್ಸಿಗಿಂತ ಮಧ್ಯಕ್ಕೆ ಹತ್ತಿರದ ಬಾಕ್ಸ್ ಒಳ್ಳೇದು. ಪ್ಲಾತೇಯಾದಲ್ಲಿ ತೀರಾ ಮುಂದೆ ಕೂತ್ರೆ ಪಿಟ್ಟಿನ ಗೋಡೆ ಅಡ್ಡ ಬರತ್ತೆ, ಮಧ್ಯದ ಸಾಲು ನೋಡಿ.

ದೊಡ್ಡ ಹೆಸರುಗಳ ಟಿಕೆಟ್ ಸಿಗದಿದ್ರೆ ಕೊರಗಬೇಡಿ. ಮಾರ್ಕೆ, ಉಂಬ್ರಿಯಾ, ಎಮಿಲಿಯಾ ಕಡೆ ಸಣ್ಣ ಊರುಗಳಲ್ಲೂ ಇದೇ ಮಾದರಿಯ ಥಿಯೇಟರ್ ಇದೆ. ಉಂಬ್ರಿಯಾದ ಮೊಂತೆ ಕಾಸ್ತೆಲ್ಲೊ ದಿ ವೀಬಿಯೊದಲ್ಲಿ 1808ರ ಒಂದು ಥಿಯೇಟರ್, ಒಟ್ಟು 99 ಸೀಟು, ಬಾಕ್ಸು, ಸೀಲಿಂಗ್ ಚಿತ್ರ ಎಲ್ಲಾ ಸ್ಕಾಲಾದ ಹಾಗೇ, ಅಳತೆ ಮಾತ್ರ ಪುಟ್ಟದು. ಅಲ್ಲಿ ಒಬ್ಬರು ಹಾಡಿದ್ರೆ ಕೊನೇ ಸೀಟಲ್ಲಿ ಕೂತವರಿಗೂ ಉಸಿರು ಎಳೆದುಕೊಳ್ಳೋ ಸದ್ದು ಕೇಳತ್ತೆ, ಹೋಗೋ ಮುಂಚೆ ತೆರೆದಿರೋ ದಿನ ಮಾತ್ರ ವಿಚಾರಿಸಿಕೊಳ್ಳಿ.